ಎಕ್ಕದೆಲೆ ಕಟ್ಟಿದ ಮಂಡಿ

ನಂಜುಂಡಪ್ಪನ ಟೀ ಅಂಗಡಿಯಲ್ಲಿ ಆ ವಾರ ಗುಂಡ್ಲುಪೇಟೆಯವರನ್ನು ಆಡಿಕೊಳ್ಳದೆ ಯಾರಿಗೂ ಟೀ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಮೆರಿಕದಲ್ಲಿ ವಿಶ್ವಕಪ್ ನಡೆದ ವರ್ಷ ಅದು. ಟಿವಿ ನೋಡಿ ನೋಡಿ ಚಾಮರಾಜನಗರದ ಹೈಕಳಿಗೆಲ್ಲ ಫುಟ್‌ಬಾಲ್ ಹುಚ್ಚು ಹತ್ತಿತ್ತು. ಗುಂಡ್ಲುಪೇಟೆಯವರಿಗೆ ಮೊದಲಿಂದಲೂ ಇತ್ತು, ಕೇರಳದ ಬತ್ತೇರಿ ಕಡೆಯ ಲಾರಿಯವರ ಜೊತೆ ಆಡಿ ಕಲಿತವರು ಅವರು. ಭಾನುವಾರ ಎರಡೂ ಊರಿಗೆ ಮ್ಯಾಚು.

ಸಂತೆಗೆ ಟೊಮೆಟೊ ತಂದಿದ್ದ ಗುಂಡ್ಲುಪೇಟೆಯ ಮಾರಯ್ಯ ಒಬ್ಬನೇ ಅಷ್ಟೂ ಜನಕ್ಕೆ ಜವಾಬು ಕೊಡುತ್ತಿದ್ದ.

"ನಿಮ್ ಗೋಲ್‌ಕೀಪರು ಚೆಂಡು ಹಿಡೀತನೋ, ಕೈ ಮುಗೀತನೋ? ಓದ್ಸಲ ದಾರಿ ಬುಟ್ಟು ನಿಂತ್ಕಂಡಿದ್ದ ಕಣ್ರಪ್ಪ!"

"ನಿಮ್ಮೋರು ಅರ್ಧ ಆಟಕ್ಕೇ ನಾಲ್ಗೆ ಆಚೆ ಆಕ್ತರೆ. ನೀರು ತಕ್ಕೊಂಡು ಬಾ ಓಗು," ಎಂದರು ಇವರು.

"ನಮ್ ಸುನೀಲ ಎಡಗಾಲಲ್ಲಿ ಒಂದ್ಸಲ ಒದ್ರೆ ನಿಮ್ ಗೋಲ್‌ಕೀಪರು ಬದನಗುಪ್ಪೇಲಿ ಬಿದ್ದಿರ್ತನೆ. ಎತ್ಕೊಂಡು ಬರಕ್ಕೆ ಗಾಡಿ ಕಟ್ಟಿಟ್ಕಳಿ!"

ಎಲ್ಲರೂ ಮಾದೇಶನ ಕಡೆ ತಿರುಗಿದರು. ಸುನೀಲ್ ಕುಮಾರ್ ಅವನ ಸ್ವಂತ ಭಾವ, ಅಕ್ಕ ನೀಲಾವತಿಯ ಗಂಡ. ತನ್ನೂರಿನ ಅಂಗಡಿಯಲ್ಲೇ ಭಾವನ ಹೊಗಳಿಕೆ ಕೇಳಿಕೊಂಡು ಸುಮ್ಮನಿರಲು ಯಾವ ಬಾಮೈದನಿಂದಾದೀತು?

"ಎಡಗಾಲಾ? ಆ ಎಡಮಂಡಿಗೆ ನಮ್ಮಕ್ಕ ದಿನಾ ಎಕ್ಕದೆಲೆ ಬಿಸಿ ಮಾಡಿ ಕಟ್ತಾವಳೆ! ಚೆಂಡು ಒದಿಯೋದಿರ್ಲಿ, ಬಚ್ಚಲಿಗೋಗಕ್ಕೂ ಗೋಡೆ ಹಿಡ್ಕಬೇಕು ಕಣ!"

ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. "ಬುಡ್ಲಾ ಬುಡು, ಬಾಮೈದನ ಮಾತ ಯಾರ್ ನಂಬ್ತರೆ!" ಎಂದು ಮಾರಯ್ಯನೂ ನಕ್ಕ. ನಗದೇ ಇದ್ದವನು ಪುಟ್ಟಮಾದು ಒಬ್ಬ. ಊರ ತಂಡದಲ್ಲಿ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನು ಅವನು. ಲೋಟ ಕೆಳಗಿಟ್ಟು ಕೇಳಿದ:

"ಎಡಗಡೇದೇನಾ?"

"ಊಂ ಕಣ್ಲಾ," ಎಂದ ಮಾದೇಶ, ನಗುತ್ತಲೇ.

ಮನೆಯ ದಾರಿಯಲ್ಲಿ ಅವನಿಗೆ ಭಾವನ ಮಾತು ನೆನಪಾಯಿತು. ಗೌರಿ ಹಬ್ಬದ ಬಾಗಿನ ಕೊಡಲು ಹೋದಾಗ ಕಣ್ಣಾರೆ ಕಂಡ ಮಂಡಿ ಅದು. ತೆಂಗಿನ ಮರ ಹತ್ತಿ ಕಾಯಿ ಕೆಡವುವುದೇ ಭಾವನ ಅನ್ನ. ಕಾಲು ಜಾರಿತ್ತು. "ಲೋ, ಇದು ಈ ಮನೆ ಬುಟ್ಟು ಆಚೆ ಓಗಕೂಡ್ದು," ಎಂದಿದ್ದ ಭಾವ. "ಮರ ಅತ್ತೋನ ಮಂಡಿ ಓಯ್ತು ಅಂದ್ರೆ ತೋಟಕ್ಕೆ ಯಾರೂ ಕರಿಯಲ್ಲ. ಮ್ಯಾಚು ಆಡ್ದೆ ಇದ್ರೂ ಊರ್ಗೆಲ್ಲಾ ಗೊತ್ತಾಯ್ತದೆ. ಅದುಕ್ಕೇ ಆಡ್ತೀನಿ." ಅವರ ಮನೆ ಒಬ್ಬಟ್ಟು ತಿನ್ನುತ್ತಾ ಹೂಂಗುಟ್ಟಿ ಬಂದ ಬಾಯಿ ಇದೇ. ಥೂ, ಇದಕ್ಕೊಂದು ಬೀಗ ಬೇಡವೇ!

ಭಾನುವಾರ ಆಟಕ್ಕೆ ಮುಂಚೆ ಮಾದೇಶ ಗುಂಡ್ಲುಪೇಟೆಯವರ ಗುಂಪಿಗೆ ನುಗ್ಗಿ ಭಾವನ ತೋಳು ಹಿಡಿದ. "ಬಾವ, ಇವತ್ತು ಆಡ್ಬ್ಯಾಡ. ಪುಟ್ಟಮಾದು ನಿನ್ ಕಾಲಿಗೇ ಬತ್ತನೆ."

ಅಕ್ಕನ ಮದುವೆಯಾದ ದಿನದಿಂದ ಇಬ್ಬರೂ ಒಬ್ಬರಿಗೊಬ್ಬರು ನಿಜ ಹೇಳಿದ್ದುಂಟೇ? ಇವನು ಅವನ ಪಾಯಸಕ್ಕೆ ಉಪ್ಪು ಸುರಿದಿದ್ದ. ಅವನು ನಿಮ್ಮಕ್ಕನಿಗೆ ಜ್ವರ ಎಂದು ಹೇಳಿಕಳಿಸಿ, ಓಡಿಬಂದವನನ್ನು ನೋಡಿ ನಕ್ಕಿದ್ದ. ಈಗಲೂ ಅಷ್ಟೇ.

"ನೋಡ್ರಪ್ಪಾ, ಸೋಲೋ ಬಯಕ್ಕೆ ಬಾಮೈದನ್ನ ರಾಯಭಾರ ಕಳ್ಸವ್ರೆ!" ಗುಂಪು ಹೋ ಎಂದಿತು.

"ಅಕ್ಕನಾಣೆ ಬಾವ!"

"ಬೇಕಾದ್ರೆ ನಿಮ್ಮಕ್ಕನ್ನೇ ಕರ್ಕೊಂಡೋಗ್ಲಾ. ಆಟ ಮಾತ್ರ ಬುಡಲ್ಲ."

ನಾನೇ ಹೇಳಿಬಿಟ್ಟೆ ಭಾವ, ಅಂದಿದ್ದರೆ ಆ ನಗು ಅಲ್ಲಿಗೇ ನಿಲ್ಲುತ್ತಿತ್ತು. ಅದೊಂದು ಮಾತಿಗೆ ಮಾತ್ರ ಮಾದೇಶನ ನಾಲಿಗೆ ಏಳಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಸುನೀಲ ಚೆಂಡು ತೆಗೆದುಕೊಂಡು ಎಡಕ್ಕೆ ನುಗ್ಗಿದ. ಪುಟ್ಟಮಾದು ಚೆಂಡಿನ ಕಡೆ ನೋಡಲೂ ಇಲ್ಲ. ಬೂಟು ಮಂಡಿಗೆ ಬಿದ್ದ ಸದ್ದು ಗೆರೆಯಾಚೆ ನಿಂತವರಿಗೂ ಕೇಳಿಸಿತು. ಊರಿನವರು ಮೊದಲು ಸಿಳ್ಳೆ ಹೊಡೆದರು, ಸುನೀಲನ ಕೂಗು ನಿಲ್ಲದಿದ್ದಾಗ ಸುಮ್ಮನಾದರು. ಅವನನ್ನು ಎತ್ತಿ ವ್ಯಾನಿಗೆ ಹಾಕುವಾಗ ಮಾದೇಶನೂ ಕಾಲ ಕಡೆ ಕೈ ಕೊಟ್ಟ.

ಮೈಸೂರಿನಲ್ಲಿ ಆಪರೇಷನ್ ಆಯಿತು. ಮಂಡಿ ಮತ್ತೆ ಮಡಚಲಿಲ್ಲ.

ದೀಪಾವಳಿ ಕಳೆದ ಮೇಲೆ ಮಾದೇಶ ಗುಂಡ್ಲುಪೇಟೆಗೆ ಹೋದ. ಸುನೀಲ ಜಗುಲಿಯ ಮೇಲೆ ಕಾಲು ನೀಡಿ ಕೂತಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ತಮಾಷೆಯನ್ನು ಮಾದೇಶ ಹೇಗೋ ಬಾಯಿಗೆ ತಂದ. "ಏನ್ ಬಾವ, ಕಾಲು ನೀಡ್ಕಂಡು ಮಾರಾಜ ಆಗ್ಬುಟ್ಟಿದ್ದೀಯ?"

"ಬನ್ನಿ, ಕೂತ್ಕಳಿ," ಎಂದ ಸುನೀಲ, ಬೀಗರ ಮನೆಯ ಹಿರಿಯರಿಗೆ ಹೇಳುವ ಹಾಗೆ.

"ಬೈಯಿ ಬಾವ. ಎರಡೇಟು ಒಡಿ, ಇಂಗ್ ಮಾತ್ರ ಮಾತಾಡ್ಬ್ಯಾಡ."

"ಯಾಕ್ ಬೈಯ್ಲಿ? ಮಾರಯ್ಯ ಆಸ್ಪತ್ರೆಗ್ ಬಂದು ಎಲ್ಲಾ ಯೋಳ್ದ. ಟೀ ಅಂಗ್ಡಿ ಮಾತು ಅಂತ ಅವತ್ತು ಅವ್ನೂ ನಂಬ್ನಿಲ್ವಂತೆ." ಸುನೀಲ ದನಿ ತಗ್ಗಿಸಿದ. "ನಿಮ್ಮಕ್ಕಂಗೆ ನಾನಿನ್ನೂ ಯೋಳಿಲ್ಲ."

ನೀಲಾವತಿ ಆಗತಾನೇ ಕಳೆ ಕೀಳುವ ಕೂಲಿಯಿಂದ ಬಂದಿದ್ದಳು. ಮಣ್ಣಾದ ಕೈ ತೊಳೆದು, ತಮ್ಮನಿಗೆಂದು ಕಾಪಿ ಕಾಯಿಸಿ ತಂದಳು. ಲೋಟ ಕೊಟ್ಟು ಅವನ ತಲೆ ಸವರಿದಳು.

"ಅಲ್ಲ ಕಣ್ಲಾ ತಮ್ಮ, ನೀನು ಆ ಊರೊಳ್ಗೇ ಇರೋನು. ಈ ಮಂಡಿ ವಿಷ್ಯ ಅವ್ರಿಗೆ ಯಾರ್ ಯೋಳಿದ್ದು ಅಂತ ನಿಂಗಾದ್ರೂ ಗೊತ್ತಾಯ್ತೇನ್ಲಾ?"

ಮಾದೇಶ ಭಾವನನ್ನು ನೋಡಿದ. ಸುನೀಲ ಬೀದಿಯ ಕಡೆ ಮುಖ ತಿರುಗಿಸಿದ.

"ಇಲ್ಲ ಕಣಕ್ಕ," ಎಂದ ಮಾದೇಶ.