ಧೈರ್ಯ ಹೇಳಲು ಬಂದವರು

ಮಳೆಗೆ ಹೆಚ್ಚು ದಿನವಿರಲಿಲ್ಲ. ಊರ ಮಾಡುಗಳ ಮೇಲೆಲ್ಲ ಹೆಂಚು ಸರಿಪಡಿಸುವ ಸದ್ದು. ಆ ಕೆಲಸದಲ್ಲಿ ಹೆಸರಾದ ಮೇಸ್ತ್ರಿ ಮಾತ್ರ ತನ್ನ ಪಡಸಾಲೆಯಲ್ಲಿ, ಸೋರುವ ಹೆಂಚುಗಳನ್ನೇ ನೋಡುತ್ತ ಮಲಗಿದ್ದ. ಬೇಸಿಗೆಯ ಮೊದಲಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದ್ದ. ಹೃದಯ ಸುಧಾರಿಸಿತ್ತು, ಹೆದರಿಕೆ ಹೋಗಿರಲಿಲ್ಲ. ಏಣಿ ಕಂಡರೆ ಎದೆ ಹಾರುತ್ತಿತ್ತು. ಎದೆ ಹಾರಿದ್ದಕ್ಕೆ ಸಾವೇ ಬಂತೆಂದು ಇನ್ನಷ್ಟು ಹಾರುತ್ತಿತ್ತು.

ಧೈರ್ಯ ಹೇಳುವವರಿಗೇನೂ ಬರವಿರಲಿಲ್ಲ. ಎಲ್ಲರಿಗಿಂತ ಮುಂದೆ ಹೆಂಡತಿಯ ಅಣ್ಣ.

“ಏನೂ ಆಗಲ್ಲ ಬಾವ, ಹೆದರ್ಬೇಡಿ,” ಎಂದು ಕಾಲು ಮಡಚಿ ಕೂತ. “ನಮ್ಮ ಬಡಗಿನೂ ಹೀಗೇ ಇದ್ದ. ಊಟ ಮಾಡ್ದ, ನಗ್ತಾ ಕೈ ತೊಳೆಯೋಕೆ ಎದ್ದ. ಅಷ್ಟೇ.”

“ಅಷ್ಟೇ ಅಂದ್ರೆ?”

“ಕೈ ತೊಳ್ಕೊಂಡ, ಪಾಪ. ಒರೆಸ್ಕೊಳ್ಳಲಿಲ್ಲ.”

ಅಂದಿನಿಂದ ಮೇಸ್ತ್ರಿ ಕೈ ತೊಳೆಯುವುದಕ್ಕೂ ಹೆಂಡತಿಯನ್ನು ಕರೆಯತೊಡಗಿದ. ಅವಳು ಅವನನ್ನು ಮತ್ತೆ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರಮ್ಮ ಪರೀಕ್ಷೆ ಮುಗಿಸಿ ಹೇಳಿದರು: “ಹೃದಯಕ್ಕೆ ಮಾತ್ರೆ ಕೊಟ್ವಿ, ಹೆದರಿಕೆಗೆ ‘ಹೆದರ್ಬೇಡ’ ಅಂತ ಹೇಳಿ ಕಳಿಸಿದ್ವಿ. ಅದೂ ಕಾಯಿಲೇನೇ. ನೋವು ಬಂದ್ರೆ ತಕ್ಷಣ ಬನ್ನಿ. ಬರೀ ಎದೆ ಹಾರಿದ್ರೆ ನಿಂತಲ್ಲೇ ನಿಂತು, ಅದು ಇಳಿಯೋವರೆಗೂ ಕಾಯಿರಿ. ದಿನಕ್ಕೊಂದು ಮೆಟ್ಟಿಲು ಏಣಿ ಹತ್ತಿ.”

“ಮನೆಗೆ ಬರೋರಿಗೆ ಏನ್ಮಾಡೋದು?” ಎಂದಳು ಹೆಂಡತಿ.

“ಅದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ.”

ಅವಳ ಹತ್ತಿರವಿತ್ತು. ಮರುದಿನದಿಂದ ಬಂದವರ ಕೈಗೆಲ್ಲ ಹೆಂಚಿನ ಬುಟ್ಟಿ ಕೊಟ್ಟಳು. “ಧೈರ್ಯ ಆಮೇಲೆ ಹೇಳೋರಂತೆ. ಮೊದಲು ಇದನ್ನ ಏಣಿ ಹತ್ರ ಇಡಿ.” ಅಣ್ಣನನ್ನೂ ಬಿಡಲಿಲ್ಲ. ಬರುವವರು ಬರುವುದನ್ನೇ ನಿಲ್ಲಿಸಿದರು, ಮೇಸ್ತ್ರಿ ಪೂರ್ತಿ ಗುಣವಾದನೆಂದು ಊರೇ ಒಪ್ಪಿಕೊಂಡಿತು.

ಮೇಸ್ತ್ರಿ ಮೊದಲ ಮೆಟ್ಟಿಲಲ್ಲೇ ಬೆವೆತ. ಹೆಂಡತಿ ಏಣಿ ಹಿಡಿದು, ಹಾಲು ಉಕ್ಕಲು ಕಾಯುವವಳಂತೆ ನಿಂತಳು. ಎದೆ ಹಾರಿತು, ಹಾರಿ ಹಾರಿ ತಾನೇ ದಣಿಯಿತು. ಮರುದಿನ ಇನ್ನೊಂದು ಮೆಟ್ಟಿಲು. ಮೊದಲ ಹನಿ ಬೀಳುವ ಮುನ್ನ ಅವನು ಮಾಡಿನ ಮೇಲೆ ಕೂತು ಒಡೆದ ಹೆಂಚು ಕೀಳುತ್ತಿದ್ದ.

ಅಷ್ಟರಲ್ಲಿ ಹೆಂಡತಿಯ ಅಣ್ಣ ಹಾಸಿಗೆ ಹಿಡಿದ. ಬುಟ್ಟಿ ಹೊತ್ತು ಪಕ್ಕೆ ಹಿಡಿದುಕೊಂಡಿದೆ ಅಷ್ಟೇ ಎಂದು ಡಾಕ್ಟರಮ್ಮ ಹೇಳಿದರೂ ನಂಬಲಿಲ್ಲ.

“ಹೋಗಿ ಧೈರ್ಯ ಹೇಳಿ ಬನ್ನಿ,” ಎಂದಳು ಹೆಂಡತಿ. “ಅಷ್ಟು ಸಲ ಬಂದಿದ್ದಾನೆ, ಸಾಲ ಉಳಿಸ್ಕೋಬಾರ್ದು.”

ದಾರಿಯುದ್ದಕ್ಕೂ ಮೇಸ್ತ್ರಿ ಒಂದು ಕತೆ ಕಟ್ಟಿಕೊಂಡ. ಅದರಲ್ಲಿ ಒಬ್ಬ ಚಪ್ಪಲಿ ಮೆಟ್ಟುತ್ತಾನೆ; ಒಂದೇ ಚಪ್ಪಲಿ.

ಒಳಗೆ ಉಂಡ ತಟ್ಟೆಯ ಮುಂದೆ ಹೆಂಡತಿಯ ಅಣ್ಣ ಕೂತಿದ್ದ. ಎಂಜಲು ಕೈ ಒಣಗಿಹೋಗಿತ್ತು.

ಮೇಸ್ತ್ರಿ ಕತೆಯನ್ನು ನುಂಗಿಕೊಂಡ. ಚೊಂಬು ತಂದು ಆ ಕೈಗೆ ನೀರು ಹೊಯ್ದು, ಹೆಗಲ ಮೇಲಿನ ಟವೆಲ್ ಚಾಚಿದ.

“ಒರೆಸ್ಕೊಳ್ಳಿ ಬಾವ. ನಾನು ಇಲ್ಲೇ ಇದೀನಿ.”

ಸಾಲ ಹಾಗೇ ಉಳಿಯಿತು.