ಎಣಿಸಿದ ಗಾಳಿ

ಕುಣಿಗಲ್ ರಸ್ತೆಯ ತಿರುವಿನಲ್ಲಿ ಶ್ರೀವಾಣಿ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಬಾನೆಟ್ಟಿನೊಳಗಿಂದ ‘ಪ್‌ಶ್ಶ್’ ಎಂದು ಗಾಳಿ ಚಿಮ್ಮಿತು. ಆ ಸದ್ದಿಗೆ ಅವಳ ಮುಖದಲ್ಲಿ ನಗು ಮೂಡುವ ಮೊದಲೇ ಎಂಜಿನ್ ನಿಂತುಹೋಯಿತು. ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಯಿತು. ಎದುರಿನಿಂದ ತೆಂಗಿನಕಾಯಿ ತುಂಬಿದ ಟೆಂಪೊ ಹಾರ್ನ್ ಒತ್ತುತ್ತ ಬರುತ್ತಿತ್ತು. ಅವಳು ಎರಡೂ ಕೈಯಲ್ಲಿ ಸ್ಟೀರಿಂಗನ್ನು ಎಳೆದು ಕಾರನ್ನು ಪಕ್ಕದ ಮಣ್ಣಿಗೆ ಇಳಿಸಿದಳು.

ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್ ನಯಾಜ್ ಅಹಮದ್ ಡ್ಯಾಶ್‌ಬೋರ್ಡಿಗೆ ಊರಿದ್ದ ಕೈಯನ್ನು ನಿಧಾನವಾಗಿ ತೆಗೆದ.

“ನಾನು ಹೇಳಿರ್ಲಿಲ್ವಾ, ಡಾಕ್ಟ್ರಮ್ಮ?”

“ಹೇಳಿದ್ರಿ,” ಎಂದಳು ಶ್ರೀವಾಣಿ. “ಇನ್ನೊಂದ್ಸಲ ಹೇಳಿ. ಈಗ ಕೇಳ್ತೀನಿ.”

ಬಟವಾಡಿ ಬಡಾವಣೆಯಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ಶ್ರೀವಾಣಿ ಎರಡು ವರ್ಷದ ಹಿಂದೆ, ಸ್ವಂತ ದುಡಿಮೆಯಲ್ಲಿ, ಈ ಬೆಳ್ಳಿ ಬಣ್ಣದ ಟರ್ಬೊ ಪೆಟ್ರೋಲ್ ಕಾರನ್ನು ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡಿದ್ದಳು. ಮಣ್ಣಿನ ಟ್ರ್ಯಾಕಿನ ರೇಸುಗಳಲ್ಲಿ ಎರಡು ಸಲ ಓಡಿಸಿದ್ದೂ ಆಗಿತ್ತು. ಕಳೆದ ಸಲ, “ಯಜಮಾನ್ರು ಎಲ್ಲಿ ಮೇಡಂ, ನೀವು ಗಾಡಿ ಪಾರ್ಕ್ ಮಾಡೋಕೆ ಬಂದ್ರಾ?” ಎಂದು ಒಬ್ಬ ಕೇಳಿದ್ದ. ಟರ್ಬೊದ ಹೆಚ್ಚಿನ ಗಾಳಿ ಬಿಡುವ ಹಳೆಯ ವಾಲ್ವಿನ ರಬ್ಬರು ಹರಿದಾಗ ಅವಳು ಅಂಥದ್ದೇ ಇನ್ನೊಂದನ್ನು ತರದೆ, ಗಾಳಿಯನ್ನು ಸದ್ದು ಮಾಡಿ ಹೊರಗೆಸೆಯುವ ಈ ಕೆಂಪು ಲೋಹದ ವಾಲ್ವನ್ನೇ ಹುಡುಕಿ ತಂದಳು. ನಯಾಜ್ ಬೇಡವೆಂದ. ಅವಳು ಪಟ್ಟು ಹಿಡಿದಳು. ಮೊದಲ ಸಲ ಓಡಿಸುವಾಗ ತಾನೂ ಪಕ್ಕದಲ್ಲಿ ಕೂರುವುದಾದರೆ ಮಾತ್ರ ಹಾಕಿಕೊಡುತ್ತೇನೆ ಎಂದು ಅವನು ಒಪ್ಪಿದ್ದ.

“ನೋಡಿ,” ಎಂದ ನಯಾಜ್. “ಟರ್ಬೊ ಗಾಳಿ ತುಂಬ್ತಾ ಇರುತ್ತೆ. ನೀವು ಕಾಲು ತೆಗೀತೀರ, ಎಂಜಿನ್ ಬಾಗಿಲು ಮುಚ್ಕೊಳ್ಳುತ್ತೆ. ತುಂಬಿದ ಗಾಳಿಗೆ ಒಂದು ದಾರಿ ಬೇಕು, ಇಲ್ದಿದ್ರೆ ತಿರುಗಿ ಬಂದು ಟರ್ಬೊಗೇ ಹೊಡೆಯುತ್ತೆ. ಅದಕ್ಕೇ ಈ ವಾಲ್ವು. ಆದ್ರೆ ನಿಮ್ ಗಾಡೀಲಿ ಒಳಗೆ ಬಂದ ಗಾಳೀನ ಮೊದ್ಲೇ ಒಂದು ಸೆನ್ಸರ್ ಎಣಿಸಿಬಿಟ್ಟಿರುತ್ತೆ. ಅಷ್ಟು ಗಾಳಿಗೆ ಅಷ್ಟು ಪೆಟ್ರೋಲ್ ಅಂತ ಕಂಪ್ಯೂಟರ್ ಕಳಿಸುತ್ತೆ. ನಿಮ್ ಕೆಂಪು ವಾಲ್ವು ಆ ಗಾಳೀನ ರೋಡಿಗೆ ಎಸೀತು. ಪೆಟ್ರೋಲ್ ಬಂತು, ಗಾಳಿ ಇಲ್ಲ. ಗಾಡಿ ಉಸಿರು ಕಟ್ಕೊಂಡು ಕೂತ್ಕೊಳ್ತು.”

“ಮತ್ತೆ ಗಾಳಿ ಎಲ್ಲಿಗೆ ಹೋಗ್ಬೇಕು?”

“ಬಂದ ದಾರಿಗೇ. ಸೆನ್ಸರ್ ದಾಟಿದ ಮೇಲೆ, ಟರ್ಬೊ ಬಾಯಿಗೆ ಮುಂಚೆ. ಆದ್ರೆ ಸದ್ದು ಬರಲ್ಲ.”

ಶ್ರೀವಾಣಿ ಗಾಜಿನಾಚೆ ನೋಡುತ್ತ ಕುಳಿತಳು. “ಇಪ್ಪತ್ತೊಂಬತ್ತು ವರ್ಷ ಸದ್ದು ಮಾಡ್ದೇನೇ ಇದೀನಿ, ನಯಾಜ್ ಭಾಯ್,” ಎಂದಳು. ಆಮೇಲೆ ಕೀಲಿ ತಿರುಗಿಸಿದಳು. “ನಡೀರಿ. ಬಿಚ್ಚಿಹಾಕೋಣ.”

ಗ್ಯಾರೇಜಿನಲ್ಲಿ ನಯಾಜ್ ಬೆಂಚಿನ ಮೇಲೆ ಎರಡು ವಾಲ್ವು ಇಟ್ಟ. ಒಂದು ಮೊದಲಿನಂಥದ್ದೇ, ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗೆ ರಬ್ಬರಿನ ಪೊರೆ. ಇನ್ನೊಂದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ಅವನೇ ತರಿಸಿಟ್ಟಿದ್ದ ಪಿಸ್ಟನ್ನಿನದು.

“ರಬ್ಬರ್‌ದು ಮತ್ತೆ ಹರಿಯುತ್ತಲ್ವಾ?”

“ಹರಿಯುತ್ತೆ. ಪಿಸ್ಟನ್‌ದು ಹರಿಯಲ್ಲ, ಆದ್ರೆ ಧೂಳಿಗೆ ಕಚ್ಕೊಳ್ಳುತ್ತೆ. ಬಿಚ್ಚಿ, ಒರೆಸಿ, ಎಣ್ಣೆ ಹಾಕ್ತಾ ಇರ್ಬೇಕು. ಯಾರು ಮಾಡ್ತಾರೆ?”

“ನಾನು ಮಾಡ್ತೀನಿ. ಅದನ್ನೇ ಹಾಕಿ.”

ವಾಲ್ವು ಯಾವುದೆಂದು ಗೊತ್ತಾದರೂ ಅದನ್ನು ಎಲ್ಲಿ ಕೂರಿಸುವುದು ಎಂಬುದು ಬಗೆಹರಿಯಲಿಲ್ಲ. ಎಂಜಿನ್ನಿನ ಮುಚ್ಚುವ ಬಾಗಿಲಿಗೆ ಹತ್ತಿರವಿದ್ದಷ್ಟೂ ಗಾಳಿ ಬೇಗ ಬಿಡುತ್ತದೆ ಎಂದು ನಯಾಜ್‌ಗೆ ಗೊತ್ತಿತ್ತು. ಆದರೆ ಅಲ್ಲಿ ಬ್ಯಾಟರಿ ಅಡ್ಡವಿತ್ತು. “ಜಾಗ ಇಲ್ಲ. ಹಳೇ ಕಡೆನೇ, ಟರ್ಬೊ ಪಕ್ಕದಲ್ಲೇ ಇರ್ಲಿ ಬಿಡಿ,” ಎಂದ. ಶ್ರೀವಾಣಿ ಕೈಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ತೆಗೆದು, ಬ್ಯಾಟರಿಯ ಹಿಂದಿನ ಸಂದಿಗೆ ತೂರಿಸಿದಳು. ಟಾರ್ಚಿನ ಬೆಳಕಿನಲ್ಲಿ ಕನ್ನಡಿಯನ್ನು ಅತ್ತಿತ್ತ ಓರೆ ಮಾಡಿದಳು.

“ಇದೆ. ವಾಲ್ವನ್ನ ಸ್ವಲ್ಪ ಮಲಗಿಸಿದ್ರೆ ನಾಲ್ಕು ಬೆರಳಿನ ಜಾಗ ಇದೆ. ವಾಪಸ್ ಹೋಗೋ ಪೈಪು ಕೆಳಗಿಂದ ಬರ್ಲಿ.”

ನಯಾಜ್ ಕನ್ನಡಿಗೆ ಕಣ್ಣು ಹಚ್ಚಿ ನೋಡಿದ. ಮೂವತ್ತು ವರ್ಷ ಲಾರಿಗಳ ಹೊಟ್ಟೆಯಡಿ ಮಲಗಿದ ಮನುಷ್ಯ. “ಈ ಕೆಲ್ಸ ನಂಗೆ ಯಾರೂ ಕಲಿಸಿರ್ಲಿಲ್ಲ,” ಎಂದು ನಕ್ಕ. ಕೊನೆಯ ಕ್ಲಿಪ್ಪು ಅವನ ದಪ್ಪ ಬೆರಳಿಗೆ ಸಿಗಲಿಲ್ಲ. ಅವಳೇ ಕೈ ತೂರಿಸಿ ಬಿಗಿದಳು. ಬೆರಳಿನ ಗೆಣ್ಣು ತರಚಿ ರಕ್ತ ಬಂತು.

ರೇಸು ಭಾನುವಾರ, ಅಮೃತೂರಿನ ಹತ್ತಿರದ ಒಣಗಿದ ಕೆರೆಯಂಗಳದಲ್ಲಿ. ಅದೇ ದಿನ ಹನ್ನೊಂದು ಗಂಟೆಗೆ ಗಂಡಿನ ಕಡೆಯವರು ಮನೆಗೆ ಬರುವುದೆಂದು ಅಣ್ಣ ವಿಜಯೀಂದ್ರ ಅವಳನ್ನು ಕೇಳದೆಯೇ ಗೊತ್ತುಮಾಡಿದ್ದ. ಆ ದಿನ ತಾನು ಸಿಗುವುದಿಲ್ಲವೆಂದು ಶ್ರೀವಾಣಿ ಮೂರು ಸಲ ಹೇಳಿದ್ದಳು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಶ್ರೀವಾಣಿ ಹೆಲ್ಮೆಟ್ ಹಾಕಿಕೊಂಡು ಸಾಲಿನಲ್ಲಿ ಕಾರಿನೊಳಗೆ ಕಾಯುತ್ತಿದ್ದಾಗ ವಿಜಯೀಂದ್ರ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಕೆರೆಯ ಮಣ್ಣು ತುಳಿಯುತ್ತ ಬಂದು ಕಿಟಕಿಗೆ ಬಗ್ಗಿದ.

“ಇಳಿ ವಾಣಿ. ಅವ್ರು ಬಂದು ಕೂತಿದಾರೆ. ಅಮ್ಮ ಅಳ್ತಿದಾಳೆ ಕಣೇ.”

“ನಾನು ಬರಲ್ಲ ಅಂದಿದ್ದೆ.”

“ಗಾಡಿ ಮಾರಾಯ್ತು, ಇನ್ನು ರೇಸು ಗೀಸು ಇಲ್ಲ ಅಂತ ಅವ್ರಿಗೆ ಮಾತು ಕೊಟ್ಟಿದೀನಿ. ನನ್ ಮರ್ಯಾದೆ ಏನಾಗ್ಬೇಕು?”

ಅವಳು ಹೆಲ್ಮೆಟ್ ತೆಗೆದಳು. ಅಣ್ಣ ಗೆದ್ದೆನೆಂದುಕೊಂಡು ಬಾಗಿಲ ಹಿಡಿಗೆ ಕೈ ಹಾಕಿದ. ಅವಳು ಅವನ ಜೇಬಿನಿಂದ ಮೊಬೈಲ್ ಎತ್ತಿಕೊಂಡು ಮನೆಗೆ ಫೋನ್ ಮಾಡಿದಳು. “ಅಮ್ಮಾ, ಅಳ್ಬೇಡ. ಹುಡುಗನ ತಂದೆಗೆ ಫೋನ್ ಕೊಡು,” ಎಂದಳು. ಆಮೇಲೆ ಆ ಕಡೆ ಗಂಭೀರ ದನಿಯೊಂದು ಹಲೋ ಎಂದಿತು.

“ನಮಸ್ಕಾರ, ನಾನು ಶ್ರೀವಾಣಿ. ಗಾಡಿ ಮಾರಿಲ್ಲ. ಮಾರೋದೂ ಇಲ್ಲ. ಈಗ ಅದ್ರಲ್ಲೇ ಕೂತಿದೀನಿ. ನಿಮಗೆ ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ತಿಂಡಿ ತಿಂದು ಹೋಗಿ, ಅಮ್ಮ ಬೆಳಿಗ್ಗೆಯಿಂದ ಮಾಡಿದಾಳೆ.”

ಆ ಕಡೆಯವರು ಫೋನ್ ಇಟ್ಟರು. ಅವಳು ಮೊಬೈಲನ್ನು ಅಣ್ಣನ ಕೈಗೆ ಕೊಟ್ಟು ಹೆಲ್ಮೆಟ್ ಹಾಕಿಕೊಂಡಳು. “ದೂರ ನಿಂತ್ಕೊ ಅಣ್ಣ. ಕಲ್ಲು ಹಾರುತ್ತೆ.”

ಬಾವುಟ ಕೆಳಗಿಳಿಯಿತು. ಮೊದಲ ತಿರುವಿಗೆ ಅವಳು ಪೂರ್ತಿ ವೇಗದಲ್ಲಿ ಹೋಗಿ, ಉಸಿರು ಬಿಗಿಹಿಡಿದು ಕಾಲು ತೆಗೆದಳು. ಎಂಜಿನ್ ನಿಲ್ಲಲಿಲ್ಲ. ಎಲ್ಲೋ ಒಳಗೆ ಗಾಳಿ ತನ್ನ ದಾರಿ ಹಿಡಿದು ತಿರುಗಿತು. ಹಿಂಬದಿ ಜಾರಿತು. ಅವಳು ಮತ್ತೆ ಒತ್ತಿದಳು. ಕಾರು ತಡಮಾಡದೆ ಎಳೆದುಕೊಂಡಿತು. ಏಳು ತಿರುವು, ಏಳು ಸಲವೂ ಹಾಗೆಯೇ. ಹಗ್ಗದಾಚೆ ನಿಂತ ಜನಕ್ಕೆ ಅವಳ ಕಾರಿನಲ್ಲಿ ವಿಶೇಷವೇನೂ ಕೇಳಿಸಲಿಲ್ಲ. ಮೈಕಿನಲ್ಲಿ ಸಮಯ ಕೂಗಿದಾಗ ಮಾತ್ರ ಕೆಲವರು ತಿರುಗಿ ನೋಡಿದರು. ಹದಿನೆಂಟು ಕಾರುಗಳಲ್ಲಿ ಮೂರನೆಯದು.

ನಯಾಜ್ ಓಡಿಬಂದು ಬಾನೆಟ್ ಎತ್ತಿ, ವಾಲ್ವನ್ನು ಮುಟ್ಟಿ ನೋಡಿ, ಮತ್ತೆ ಮುಚ್ಚಿದ. “ಎರಡನೇ ರೌಂಡಿಗೆ ಹೆಸರು ಕೂಗ್ತಿದಾರೆ, ಡಾಕ್ಟ್ರಮ್ಮ.”

ವಿಜಯೀಂದ್ರ ಹೋಗಿರಲಿಲ್ಲ. ಶರ್ಟು, ಹುಬ್ಬು, ಮೀಸೆ ಎಲ್ಲವೂ ಧೂಳು ಕೂತು ಬೂದು ಬಣ್ಣಕ್ಕೆ ತಿರುಗಿ, ಹಗ್ಗದ ಹತ್ತಿರ ನಿಂತಿದ್ದ. ಶ್ರೀವಾಣಿ ಬಾಟಲಿ ಎತ್ತಿ ಬಾಯಿ ಮುಕ್ಕಳಿಸಿ ಉಗಿದಳು. ಉಗಿದ ನೀರಿನಲ್ಲಿ ಕೆರೆಯ ಮಣ್ಣಿತ್ತು. ಇನ್ನೊಮ್ಮೆ ಮುಕ್ಕಳಿಸಿದಳು. ಹಲ್ಲಿನ ನಡುವೆ ಮರಳು ಇನ್ನೂ ಕರಕರ ಎನ್ನುತ್ತಿತ್ತು. ಅದನ್ನು ಹಾಗೆಯೇ ಬಿಟ್ಟು, ಬಾಟಲಿಯನ್ನು ಅಣ್ಣನತ್ತ ಚಾಚಿದಳು.