ಹೆಸರಿನ ಮುಂದಿನ ವಿ

ಫ್ಯಾನು ತಿರುಗಿದಾಗಲೆಲ್ಲ ದೊಡ್ಡ ಡಾಕ್ಟರ ಮೇಜಿನ ಮೇಲೆ ಎರಡು ಕಾಗದ ಪಟಪಟ ಅನ್ನುತ್ತವೆ, ಒಂದು ಹೆರಿಗೆಗೆ ಬಂದಿದ್ದ ಅಂಜಿನಮ್ಮನ ಸಾವಿನ ವರದಿ, ಇನ್ನೊಂದು ನಾನು ಇಂಗ್ಲೆಂಡಿಗೆ ಹೋಗಲು ಆಸ್ಪತ್ರೆಯ ಅಭ್ಯಂತರವಿಲ್ಲ ಎಂಬ ಪತ್ರ, ಅದರ ಮೇಲೆ ಅವರ ಕೈ, ಮೊದಲು ವರದಿಗೆ ಸೈನ್ ಹಾಕಮ್ಮ, ಆಮೇಲೆ ಇದಕ್ಕೆ ನಾನು ಹಾಕ್ತೀನಿ, ಎಷ್ಟು ಮೆತ್ತಗೆ ಹೇಳುತ್ತಾರೆ, ಹೋದ ವಾರ ಇದೇ ಬಾಯಲ್ಲಿ, ಬಡವರ ದುಡ್ಡಲ್ಲಿ ಓದಿ ದೇಶ ಬಿಟ್ಟು ಹೋಗೋಕೆ ನಾಚಿಕೆ ಆಗಲ್ವಾ ಅಂದಿದ್ದರು, ಆಗಲ್ಲ ಸಾರ್, ಎಪ್ಪತ್ತೆರಡನೇ ಇಸವಿಯಿಂದ ಇಲ್ಲಿ ಆಪರೇಷನ್ನಿಗೆ ಮತ್ತಿನ ಮದ್ದು ಕೊಡುವ ಡಾಕ್ಟರ್ ನಾನೊಬ್ಬಳೇ, ಇನ್ನೊಂದು ಆಕ್ಸಿಜನ್ ಸಿಲಿಂಡರ್ ಕೊಡಿಸಿ ಎಂದು ಬರೆದೂ ಬರೆದೂ ಕೈ ಸೋತಿತು, ಆಗ ದೇಶ ಎಲ್ಲಿತ್ತು, ನಾನು ಹೊರಟೆ ಅಂದ ಕೂಡಲೇ ಓಡಿ ಬಂದು ಸೆರಗು ಹಿಡಿಯುತ್ತದೆ.

ಇಂಗ್ಲೆಂಡಿನ ಕಾಗದ ನಮ್ಮೂರು ಬಾಗಲೂರಿಗೆ ಬಂದ ದಿನ ಪೋಸ್ಟಿನ ದಾಸಪ್ಪ ಸೀದಾ ಹೊಲಕ್ಕೆ ಹೋಗಿ ಅಪ್ಪನ ಕೈಗೇ ಕೊಟ್ಟನಂತೆ, ಡಾಕ್ಟರ್ ವೆಂಕಟರಮಣಪ್ಪ ಅಂತ ಐತೆ, ನಿಂಗೇ ಬಂದೈತೆ ಕಣಣ್ಣ — ತಪ್ಪು ನನ್ನದೇ, ಫಾರಮ್ಮಿನಲ್ಲಿ ಸರ್‌ನೇಮ್ ಕೇಳಿದ್ದರು, ನಮ್ಮ ಕಡೆ ಅದೆಲ್ಲಿಂದ ತರುವುದು, ಹೆಸರಿನ ಮುಂದೆ ಇರುವುದು ಒಂದು ವಿ, ಅದನ್ನೇ ಬಿಡಿಸಿ ಅಪ್ಪನ ಹೆಸರು ಬರೆದುಬಿಟ್ಟೆ, ಸಂಜೆ ಅಪ್ಪ ಕೈಕಾಲು ತೊಳೆದುಕೊಂಡು ಬಂದು, ನಾನೂ ಡಾಕ್ಟ್ರಾಗ್ಬುಟ್ನಲ್ಲ ಅಮ್ಮಣ್ಣಿ, ಯಾರಿಗೆ ಸೂಜಿ ಚುಚ್ಲಿ ಮೊದ್ಲು, ನಕ್ಕೂ ನಕ್ಕೂ ಕೆಮ್ಮು ಹತ್ತಿತು, ಈಗ ದೊಡ್ಡ ಡಾಕ್ಟರು ಅದನ್ನೇ ಹಿಡಿದುಕೊಂಡಿದ್ದಾರೆ, ಯಾಕಮ್ಮ ಯೋಚನೆ, ಅಲ್ಲಿ ನೀನು ವೆಂಕಟರಮಣಪ್ಪ, ಇಲ್ಲಿ ಸೈನ್ ಹಾಕೋದು ವಿ. ಮುನಿರತ್ನಮ್ಮ, ಈ ವರದಿ ನಿನ್ನ ಹಿಂದೆ ಅಲ್ಲೀವರೆಗೂ ಬರಲ್ಲ. ಬರುವುದಿಲ್ಲವಂತೆ.

ರೋಗಿ ತಡವಾಗಿ ಬಂದಳು ಎಂದು ಟೈಪ್ ಮಾಡಿಸಿದ್ದಾರೆ, ಎಲ್ಲಿ ತಡ, ನೋವು ಬರೋಕ್ ಮುಂಚೇನೇ ಬಾ ಅಂದಿದ್ರಲ್ಲ ಡಾಕ್ಟ್ರಮ್ಮ, ಮೊದಲ್ನೇ ಬಸ್ಸಿಗೇ ಬಂದಿವ್ನಿ, ಅಂದಿದ್ದಳಲ್ಲ ಅಂಜಿನಮ್ಮ, ಹನ್ನೊಂದಕ್ಕೆ ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಹೊತ್ತಿಗೆ ಇದ್ದ ಒಂದೇ ಸಿಲಿಂಡರಿನ ಮುಳ್ಳು ಸೊನ್ನೆಗೆ ಇಳಿಯಿತು, ಮಗುವಷ್ಟೇ ಉಳಿಯಿತು, ನನಗೆ ಹೋಗಬೇಕು, ಸಿಲಿಂಡರ್ ತುಂಬಿರುವ ಕಡೆ ನಿಂತು ಒಂದು ದಿನವಾದರೂ ಹೆದರದೆ ಕೆಲಸ ಮಾಡಬೇಕು, ಆದರೆ ಈ ವಿ ಯಾರದು, ಅಲ್ಲಿ ಪೂರ್ತಿ ಬರೆದರೂ ಇಲ್ಲಿ ಒಂದೇ ಅಕ್ಷರ ಬರೆದರೂ ಅಪ್ಪನದೇ, ಅದನ್ನು ಸುಳ್ಳಿನ ಕೆಳಗೆ ಕೂರಿಸಲಾರೆ, ಪೆನ್ನು ತೆಗೆಯುತ್ತೇನೆ, ದೊಡ್ಡ ಡಾಕ್ಟರ ಮುಖ ಅರಳುತ್ತದೆ, ತಡವಾಗಿ ಎಂಬುದನ್ನು ಹೊಡೆದುಹಾಕಿ ಬರೆಯುತ್ತೇನೆ, ಬೆಳಿಗ್ಗೆ ಏಳಕ್ಕೇ ಬಂದಳು, ಸಿಲಿಂಡರ್ ಖಾಲಿಯಾಯಿತು, ವಿ. ಮುನಿರತ್ನಮ್ಮ. ಇನ್ನು ನೀನು ಇಂಗ್ಲೆಂಡಿಗೆ ಹೋದ ಹಾಗೇ, ಅನ್ನುತ್ತಾರೆ, ನನ್ನ ಪತ್ರ ಎರಡಾಗುತ್ತದೆ, ನಾಲ್ಕಾಗುತ್ತದೆ, ಹರೀರಿ ಸಾರ್, ಕೆಲಸ ಬಿಟ್ಟಾದರೂ ಹೋಗುತ್ತೇನೆ, ಹೋಗದಿದ್ದರೆ ಇಲ್ಲೇ ಕೂತು ಸಿಲಿಂಡರಿಗೆ ಬರೆಯುತ್ತಲೇ ಇರುತ್ತೇನೆ, ಅವಳನ್ನು ತಡವಾಗಿ ಬರಿಸುವುದು ಮಾತ್ರ ನಿಮ್ಮಿಂದ ಆಗುವುದಿಲ್ಲ, ಬೆಳಿಗ್ಗೆ ಏಳು ಗಂಟೆ, ಹೊರಗಿನ ಬೆಂಚು, ಕುಳ್ಳಗಿನ ಹೆಂಗಸು, ಹೊಟ್ಟೆಯ ಮೇಲೆ ಎರಡೂ ಕೈ, ನೆಲ ಮುಟ್ಟದ ಕಾಲು — ಏಳು ಗಂಟೆ, ನೆಲ ಮುಟ್ಟದ ಕಾಲು —